ಚಳಿ ದಿನದ ಬೀಜ

ಶಿಗ್ಗಾವಿ
9 ಫೆಬ್ರವರಿ 2025

ಶೀಲಾ,

ಫೋನಿನಲ್ಲಿ ನೀನು ಮಾತು ಅರ್ಧಕ್ಕೆ ಬಿಟ್ಟು ಅಳುತ್ತೀ. ನನಗೆ ಬೇಕಾದದ್ದು ಉತ್ತರ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆದೇ ತಿಳಿಸು.

ಹುಲಗೂರು ದಾರಿಯ ನಮ್ಮ ನೆಟ್‌ಹೌಸಿನಲ್ಲಿ ನಿನ್ನ ಮೆಣಸಿನ ಗಿಡ ಮೋಸ ಮಾಡಿದೆ. ಇದರ ಹೂವಿನಲ್ಲಿ ಪರಾಗವೇ ಬರುವುದಿಲ್ಲ, ಇನ್ನು ಮೊಗ್ಗು ಬಿಡಿಸಿ ಕೇಸರ ಕೀಳುವ ಕೆಲಸ ಬೇಡ, ಬೇರೆ ಗಿಡದ ಹುಡಿ ತಂದು ಮುಟ್ಟಿಸಿದರೆ ಸಾಕು ಎಂದು ಆ ಗಿಡವನ್ನು ಆರಿಸಿ ಕೊಟ್ಟವಳು ನೀನು. ನಿನ್ನ ಮಾತು ನಂಬಿ ಚಿಮಟ ಹಿಡಿಯುವ ಹೆಂಗಸರನ್ನು ಕೆಲಸದಿಂದ ಬಿಡಿಸಿದೆ. ಅವರ ಮುಂದಾಳು ಖತೀಜಾಬಿ ಬಾಗಿಲಿಗೆ ಬಂದು ನಿಂತು, "ಅಕ್ಕಾರ, ಇಷ್ಟು ವರ್ಷ ನಿಮ್ಮ ಹೂವಿನ್ಯಾಗ ಕಣ್ಣು ಸವಿಸೇವ್ರಿ" ಎಂದಳು. ಕನ್ನಡಕ ಕೊಡಿಸುತ್ತೇನೆ ಎಂದು ಹೇಳಿ ಕಳಿಸಿದೆ.

ಈಗ ನೋಡಿದರೆ ಡಿಸೆಂಬರ್ ಕೊನೆಯಿಂದ ಬಿಟ್ಟ ಹೂವುಗಳನ್ನು ಉಗುರಿಗೆ ತಿಕ್ಕಿದರೆ ಹುಡಿ ಹತ್ತುತ್ತದೆ. ಹೂವು ತನ್ನ ಹುಡಿಯಿಂದಲೇ ಕಾಯಿ ಕಟ್ಟಿದರೆ ಅದು ಹೈಬ್ರಿಡ್ ಬೀಜವಲ್ಲ. ಇದನ್ನು ನಾನು ನಿನಗೆ ಕಲಿಸಬೇಕಾಗಿಲ್ಲ. ಹಿರೇಕೆರೂರಿನ ಕಂಪನಿಯವರು ಏಪ್ರಿಲ್‌ನಲ್ಲಿ ಬೀಜ ಒಯ್ಯಲು ಬರುತ್ತಾರೆ. ಅವರೆದುರು ತಲೆ ತಗ್ಗಿಸಿ ನನಗೆ ರೂಢಿಯಿಲ್ಲ.

ನೀನು ಕಳಿಸಿದ್ದ ಪುಟ್ಟ ಬಾಟಲಿಗಳಲ್ಲಿ ಮೊಗ್ಗು ತುಂಬಿಸಿದ್ದೇನೆ. ಯಾಕೆ ಹೀಗಾಯಿತು, ಯಾವ ಬೀಜ ಒಳ್ಳೆಯದು, ಯಾವುದು ಕೆಟ್ಟದ್ದು, ಇಷ್ಟು ಹೇಳು. ನಿನ್ನ ಆರೋಗ್ಯ ಹೇಗಿದೆ ಎಂದು ಕೇಳಬೇಕೆನ್ನುತ್ತಾರೆ. ಕೇಳಿದ್ದೇನೆ.

ನಿನ್ನ ಅವ್ವ
ಮಹಾದೇವಕ್ಕ


ಹೈದರಾಬಾದ್
22 ಫೆಬ್ರವರಿ 2025

ಅವ್ವ,

ಮೊಗ್ಗು ಕೆಡದೆ ಬಂದು ತಲುಪಿದವು. ನನಗೂ ಇದು ಗೊತ್ತಿರಲಿಲ್ಲ. ಗೊತ್ತಾದ ರಾತ್ರಿ ನಿದ್ದೆ ಹತ್ತಲಿಲ್ಲ. ಭಯದಿಂದಲ್ಲ, ಖುಷಿಯಿಂದ. ಹೀಗೆ ಹೇಳಿದರೆ ಬೈಯಬೇಡ.

ಹೂವಿನ ಕೇಸರದ ಒಳಗೆ ಪರಾಗದ ಕಣಗಳ ಸುತ್ತ ಒಂದು ಪದರವಿರುತ್ತದೆ. ಅದು ಬಾಣಂತಿ ಇದ್ದಂತೆ, ತನ್ನಲ್ಲಿರುವುದನ್ನೆಲ್ಲ ಕಣಗಳಿಗೆ ಕೊಟ್ಟು ಸರಿಯಾದ ಹೊತ್ತಿಗೆ ತಾನು ಕರಗಿಹೋಗಬೇಕು. ಕರಗಿಸುವುದು ಒಂದು ಪ್ರೋಟಿಯೇಸ್. ಅಂದರೆ ಪ್ರೋಟೀನನ್ನು ತುಂಡು ಮಾಡುವ ಕಿಣ್ವ. ಮಾಂಸ ಮೆತ್ತಗಾಗಲಿ ಎಂದು ಖತೀಜಾ ಖಾಲಾ ಹಸಿ ಪಪ್ಪಾಯಿ ಹಚ್ಚಿಡುತ್ತಿದ್ದರಲ್ಲ, ಪಪ್ಪಾಯಿ ಹಾಲಿನಲ್ಲಿರುವುದೂ ಇದೇ ಕುಲದ್ದು.

ಈ ಕಿಣ್ವ ಹೇಗೆ ಆಗಬೇಕೆಂಬುದು ಗಿಡದ ಜೀನಿನಲ್ಲಿ ಬರೆದಿರುತ್ತದೆ. ಆದರೆ ಬರಹದ ನಡುನಡುವೆ ಬೇಡವಾದ ಭಾಗಗಳೂ ಇರುತ್ತವೆ. ಜೀವಕೋಶ ಅದರ ಪ್ರತಿ ತೆಗೆದು, ಬೇಡದ್ದನ್ನು ಕತ್ತರಿಸಿ, ಬೇಕಾದದ್ದನ್ನು ಜೋಡಿಸಿಕೊಳ್ಳುತ್ತದೆ. ನಮ್ಮ ಗಿಡ ಬೇಡವಾದ ಒಂದು ತುಂಡನ್ನು ಕತ್ತರಿಸದೆ ಒಳಗೇ ಉಳಿಸಿಬಿಡುತ್ತದೆ. ಆ ಪ್ರತಿಯಿಂದ ಆದ ಕಿಣ್ವಕ್ಕೆ ಹರಿತವಿಲ್ಲ. ಪದರ ಕರಗುವುದಿಲ್ಲ, ಕಣಗಳು ಉಪವಾಸ ಬಿದ್ದು ಸಾಯುತ್ತವೆ.

ಹೊಸದಾಗಿ ತಿಳಿದದ್ದು ಇದು: ರಾತ್ರಿ ಚಳಿ ಹೆಚ್ಚಾದರೆ ಅದೇ ಗಿಡ, ಅದೇ ಜೀನನ್ನು ಸರಿಯಾಗಿ ಕತ್ತರಿಸಿ ಜೋಡಿಸುತ್ತದೆ. ಆಗ ಪರಾಗ ಬರುತ್ತದೆ. ಜೀನು ಬದಲಾಗಿಲ್ಲ ಅವ್ವ. ಜೋಡಣೆ ಬದಲಾಗಿದೆ.

ಚಳಿಗೆ ಮೊದಲು ಕಟ್ಟಿದ ಕಾಯಿಗಳ ಬೀಜ ಒಳ್ಳೆಯದು, ಅದರಲ್ಲಿ ಬೇರೆ ಗಿಡದ ಸರಿಯಾದ ಜೀನೂ ಸೇರಿದೆ. ಚಳಿಯಲ್ಲಿ ಕಟ್ಟಿದ ಕಾಯಿಗಳ ಬೀಜವನ್ನು ಸುಟ್ಟುಬಿಡು. ಅದನ್ನು ಬಿತ್ತಿದರೆ ಗಿಡ ಹುಲುಸಾಗಿ ಬೆಳೆಯುತ್ತದೆ, ಮೈತುಂಬ ಹೂವು ಬಿಡುತ್ತದೆ, ಹೂವೆಲ್ಲ ಉದುರುತ್ತವೆ. ಮತ್ತೆ ಚಳಿ ಬರುವವರೆಗೆ ಕಾಯಿ ಹಿಡಿಯುವುದಿಲ್ಲ.

ಖಾಲಾ ಅವರನ್ನೂ ಉಳಿದ ಹೆಂಗಸರನ್ನೂ ಮರಳಿ ಕರೆ. ಚಳಿಗಾಲಕ್ಕೆ ಅವರ ಕೈ ಬೇಕೇ ಬೇಕು.

ಶೀಲಾ


ಶಿಗ್ಗಾವಿ
28 ಮೇ 2025

ಶೀಲಾ,

ಬರೆದದ್ದು ಅರ್ಥವಾಯಿತು. ನೀನು ಅವರ ಮನೆಯಲ್ಲಿ ಏನೇನು ತಿಂದು ಬೆಳೆದೆ ಎಂಬುದೂ ತಿಳಿಯಿತು.

ನೀನು ಹೇಳಿದಂತೆ ಕಾಯಿಗಳನ್ನು ಬೇರೆ ಬೇರೆ ಮಾಡಿಸಿದೆ. ಚಳಿಗೆ ಮೊದಲಿನ ಬೀಜ ಹಿರೇಕೆರೂರಿಗೆ ಹೋಯಿತು. ಅವರು ಪರೀಕ್ಷಿಸಿ ಮೆಚ್ಚಿಕೊಂಡರು. ಹಾನಗಲ್ಲಿನ ಬೆಳೆಗಾರರ ಬೀಜಕ್ಕಿಂತ ನನ್ನದೇ ಶುದ್ಧವಂತೆ. ನಿನ್ನ ವಿದ್ಯೆ ಮೊದಲ ಸಲ ಮನೆಗೆ ಉಪಯೋಗವಾಯಿತು.

ಚಳಿ ದಿನದ ಬೀಜ ಸುಡಲಿಲ್ಲ. ನೀನು ಕೂತು ಬರೆದದ್ದೇನೋ ಸರಿ, ಆದರೆ ಎಷ್ಟು ಕೆಟ್ಟಿದೆ ಎಂದು ಬಿತ್ತಿ ನೋಡದೆ ಹೇಗೆ ತಿಳಿಯಬೇಕು? ಅದಕ್ಕೆ ನನ್ನ ಹೊಲ ಯಾಕೆ ಹಾಳು ಮಾಡಲಿ? ಅಷ್ಟರಲ್ಲಿ ಖತೀಜಾಬಿಯೇ ಬಂದಳು. ಕಂಪನಿಯ ಮನುಷ್ಯ ಬಂದಾಗ ಅವನೆದುರು, ಇವರು ನಮ್ಮನ್ನು ಬೀದಿಗೆ ಹಾಕಿದರು ಎಂದವಳು ಇದೇ ಹೆಂಗಸು. ಈಗ ಕೂಲಿ ಬೇಡುವುದಿಲ್ಲವಂತೆ, ಹುಲಗೂರಿನ ತಮ್ಮ ಹೊಲದಲ್ಲಿ ತಾವೇ ಮೆಣಸಿನಕಾಯಿ ಬೆಳೆಯುತ್ತಾರಂತೆ. "ನಿಮ್ಮ ಕೈಯಾರೆ ಬೀಜ ಕೊಡ್ರಿ ಅಕ್ಕಾರ, ಬ್ಯಾರೆ ಕಡೆ ನಂಬಿಕಿಲ್ಲ" ಎಂದಳು. ನನ್ನ ಕೈಯಾರೆ ಕೊಟ್ಟೆ. ಮಾರಲಿಲ್ಲ, ಸುಮ್ಮನೆ ಕೊಟ್ಟೆ. ಅವಳು ಸೆರಗಿನಲ್ಲಿ ಕಟ್ಟಿಕೊಂಡು, ಕಣ್ಣಿಗೆ ಒತ್ತಿಕೊಂಡು ಹೋದಳು. ಉಳಿದದ್ದನ್ನು ತನ್ನ ಜೊತೆ ಚಿಮಟ ಹಿಡಿಯುತ್ತಿದ್ದ ಸರೋಜವ್ವನಿಗೂ ಬೇರೆ ಹೆಂಗಸರಿಗೂ ಹಂಚಿದಳೆಂದು ನಮ್ಮ ಮೇಸ್ತ್ರಿ ಉಳಿವೆಪ್ಪ ಹೇಳಿದ. ಅದು ಅವಳ ಔದಾರ್ಯ.

ಎಲ್ಲರೂ ಮಡಿಯಲ್ಲಿ ಅಗಿ ಹಾಕಿದ್ದಾರೆ, ಸಸಿ ಎದ್ದಿವೆ. ಮಳೆ ಹಿಡಿದ ಮೇಲೆ ನಾಟಿ.

ಮಹಾದೇವಕ್ಕ


ಹೈದರಾಬಾದ್
7 ಜೂನ್ 2025

ಅವ್ವ,

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಎಲ್ಲಾದರೂ ಒಂದು ಕಡೆ, ಇದು ತಮಾಷೆ ಎಂದು ಬರೆದಿರಬಹುದೆಂದು ಹುಡುಕಿದೆ.

ಅಪ್ಪ ತೀರಿಕೊಂಡ ವರ್ಷ ನೀನು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದೆ. ನನಗೆ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದವರು ಖಾಲಾ. ತಮ್ಮ ಮಗಳು ದಿಲ್ಶಾದಳಿಗೊಂದು ರೊಟ್ಟಿ, ನನಗೊಂದು ರೊಟ್ಟಿ ಬುತ್ತಿ ಕಟ್ಟುತ್ತಿದ್ದರು. ಅವರಿಗೆ ಹೇಳಿಬಿಡು. ಅಗಿ ಇನ್ನೂ ಮಡಿಯಲ್ಲೇ ಇರುತ್ತದೆ, ಬೇರೆ ಬೀಜ ಹಾಕಲು ಈಗಲೂ ಹೊತ್ತು ಮೀರಿಲ್ಲ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ.

ಶೀಲಾ

ಒಂದು ವೇಳೆ ನಾಟಿ ಆಗಿಬಿಟ್ಟರೆ ಯಾವ ದಿನ ಎಂಬುದನ್ನು ಉಳಿವೆಪ್ಪನಿಗೆ ಕೇಳಿ ತಿಳಿಸು.


ಸವಣೂರು
24 ಆಗಸ್ಟ್ 2025

ಪ್ರೀತಿಯ ಶೀಲಾ,

ನಿನ್ನ ಫೋನ್ ನಂಬರ್ ಬದಲಾಗಿದೆ ಎಂದು ಕಾಣುತ್ತದೆ, ಮಾಡಿದರೆ ಹೋಗುವುದಿಲ್ಲ. ನಿಮ್ಮ ಸಂಸ್ಥೆಯ ವಿಳಾಸ ಹುಡುಕಿ ಬರೆಯುತ್ತಿದ್ದೇನೆ. ನಾನೀಗ ಸವಣೂರಿನ ಶಾಲೆಯಲ್ಲಿ ಕಲಿಸುತ್ತೇನೆ, ವಾರಕ್ಕೊಮ್ಮೆ ಹುಲಗೂರಿಗೆ ಹೋಗಿ ಬರುತ್ತೇನೆ.

ಈ ವರ್ಷ ಅಮ್ಮಿ ನಿಮ್ಮವ್ವನವರ ಬೀಜ ತಂದು ಮೆಣಸಿನಗಿಡ ಹಚ್ಚಿದ್ದಾರೆ. ಅಂಥ ಗಿಡಗಳನ್ನು ನಾನು ನೋಡಿಲ್ಲ ಶೀಲಾ. ಸೊಂಟದೆತ್ತರ, ಕಡುಹಸಿರು, ಎಲೆಗಿಂತ ಹೂವೇ ಹೆಚ್ಚು. ಆದರೆ ಬೆಳಗಾದರೆ ಸಾಲಿನ ತುಂಬ ಉದುರಿದ ಹೂವು. ಎಲ್ಲೋ ಅಲ್ಲೊಂದು ಇಲ್ಲೊಂದು ಗಿಡ ಕಾಯಿ ಹಿಡಿದಿದೆ, ಉಳಿದದ್ದೆಲ್ಲ ಬರೀ ಹೂವು. ಸರೋಜವ್ವನ ಹೊಲದಲ್ಲೂ ಹೀಗೇ.

ಅಮ್ಮಿ ನಿಮ್ಮವ್ವನ ಹತ್ತಿರ ಹೋಗಿ ಕೇಳಿದರು. ನೀರು ಹೆಚ್ಚಾಗಿದೆ, ಅದಕ್ಕೇ ಉದುರುತ್ತವೆ ಎಂದರಂತೆ. ಹೊಲಕ್ಕೆ ನೀರು ಹಾಯಿಸುವವರು ಅಬ್ಬಾ. ಅಂದಿನಿಂದ ಅಮ್ಮಿ ಅವರಿಗೆ ದಿನವೂ ಬೈಯುತ್ತಾರೆ. ನಮ್ಮ ಮನೆಯಲ್ಲಿ ಇಂಥ ಮಾತು ನಾನು ಕೇಳಿರಲಿಲ್ಲ.

ನೀನು ಮೆಣಸಿನ ಹೂವಿನ ಮೇಲೆಯೇ ಓದುತ್ತಿದ್ದೀ ಎಂದು ಅಮ್ಮಿಗೆ ನೆನಪಿದೆ. ಒಂದು ಸಲ ಬಂದು ನೋಡಿ ಹೋಗುತ್ತೀಯಾ?

ದಿಲ್ಶಾದ


ಹೈದರಾಬಾದ್
16 ಸೆಪ್ಟೆಂಬರ್ 2025

ಅವ್ವ,

ಹುಲಗೂರಿಗೆ ಬಂದಿದ್ದೆ. ಶಿಗ್ಗಾವಿಯ ಮೇಲೆ ಹಾದುಹೋದರೂ ಮನೆಗೆ ಬರಲಿಲ್ಲ. ನಿನ್ನ ಮುಖ ನೋಡಲು ಮನಸ್ಸಾಗಲಿಲ್ಲ.

ನೀನು ಮಾಡಿದ್ದನ್ನು ನೋಡಿ ಬಂದೆ. ಖಾಲಾ ಹೊಲದ ದಡದಲ್ಲಿ ನನ್ನ ಕೈ ಹಿಡಿದು, "ಮಗಳ, ನೀ ಕಲತಾಕಿ. ಕಣ್ಣಿಟ್ಟು ನೋಡಿ ಹೇಳು, ನಮ್ಮಿಂದ ಎಲ್ಲಿ ತಪ್ಪಾತು?" ಎಂದರು. ಅಕ್ಬರಸಾಬ ಚಾಚಾ ದೂರದಲ್ಲಿ ಕುಳಿತಿದ್ದರು, ಹತ್ತಿರ ಬರಲಿಲ್ಲ. ಅವರ ನೀರಿನಿಂದಲೇ ಬೆಳೆ ಕೆಟ್ಟಿತೆಂದು ಖಾಲಾ ನನ್ನೆದುರೇ ಅಂದರು. ಆ ಮಾತನ್ನು ಅವರ ಮನೆಯೊಳಗೆ ಇಟ್ಟು ಬಂದವಳು ನೀನು. ಬೀಜ ಕೆಟ್ಟದ್ದೆಂದು ಗೊತ್ತಿದ್ದೂ ಕೊಟ್ಟೆ, ಕೊಟ್ಟ ಮೇಲೆ ಗಂಡಹೆಂಡಿರ ನಡುವೆ ಕಡ್ಡಿ ಗೀರಿದೆ. ಯಾಕೆ ಅವ್ವ? ಅವರು ನಿನಗೆ ಏನು ಮಾಡಿದ್ದರು?

ಪರೀಕ್ಷೆ ಮಾಡಿ ಹೇಳುತ್ತೇನೆ ಎಂದು ಹೇಳಿ ಬಂದೆ. ಖಾಲಾ ಊಟ ಮಾಡಿಸದೆ ಬಿಡಲಿಲ್ಲ.

ಬೇರೆ ಗಿಡದ ಹುಡಿ ಸೇರಿ ಆದ ಕೆಲವನ್ನು ಬಿಟ್ಟರೆ ಉಳಿದ ಯಾವ ಗಿಡದಲ್ಲೂ ಪರಾಗವಿಲ್ಲ. ಪ್ರತಿ ಸಾಲಿನಿಂದ ಮೊಗ್ಗು ತಂದಿದ್ದೇನೆ. ಪರಾಗವಿಲ್ಲದ ಒಂದೊಂದು ಗಿಡದಲ್ಲೂ ಆ ಬೇಡವಾದ ತುಂಡು ಒಳಗೇ ಉಳಿದಿದೆ, ಒಂದೂ ತಪ್ಪಿಲ್ಲ. ಪ್ರಯೋಗಶಾಲೆಯಲ್ಲಿ ಚಳಿ, ಬಿಸಿ ಅಳೆದು ಗಿಡ ಬೆಳೆಸುವ ಪೆಟ್ಟಿಗೆಯಲ್ಲಿ ಕಂಡದ್ದು ನಿಜವಾದ ಹೊಲದಲ್ಲೂ ಹಾಗೆಯೇ ಕಂಡಿತು. ನಮ್ಮ ಸರ್ ಇಂಥ ಹೊಲ ಎಲ್ಲಿ ಸಿಕ್ಕಿತು ಎಂದು ಕೇಳಿದರು. ಊರಿನಲ್ಲಿ ಎಂದೆ.

ಶೀಲಾ


ಶಿಗ್ಗಾವಿ
27 ಸೆಪ್ಟೆಂಬರ್ 2025

ಶೀಲಾ,

ಬೈಗುಳ ಓದಿದೆ. ಅದರ ಕೆಳಗಿನ ಲೆಕ್ಕವನ್ನೂ ಓದಿದೆ. ಬೈಗುಳಕ್ಕಿಂತ ಅದನ್ನೇ ಮನಸ್ಸಿಟ್ಟು ಬರೆದಿದ್ದೀ.

ನಾನು ಯಾಕೆ ಕೊಟ್ಟೆ ಎಂದು ಕೇಳಿದ್ದೀ. ಗಂಡ ಸತ್ತವಳು ಬೀಜದ ವ್ಯವಹಾರ ಮಾಡುತ್ತಾಳೆಂದು ಊರು ನಕ್ಕಾಗ ನಾನು ಯಾರ ಹೊಲದ ದಡದಲ್ಲೂ ನಿಂತು ಅಳಲಿಲ್ಲ. ಬಾಗಿಲಲ್ಲಿ ನಿಂತು ನನ್ನ ಮಗಳನ್ನು ತಾನು ಸಾಕಿದೆ ಎಂಬ ಮುಖ ಮಾಡುವವಳನ್ನು ವರ್ಷಗಟ್ಟಲೆ ಸಹಿಸಿದೆ. ಸಾಕಾಯಿತು, ಕೊಟ್ಟೆ. ನನ್ನ ಉತ್ತರ ಇಷ್ಟೇ.

ಈಗ ನಿನ್ನದು ಹೇಳು. ನನ್ನ ಪತ್ರ ನಿನಗೆ ಸಿಕ್ಕಾಗ ಅಗಿ ಮಡಿಯಲ್ಲಿತ್ತು. ನೀನೇ ಹಾಗೆಂದು ಬರೆದಿದ್ದೆ. ನಾನು ಹೇಳದಿದ್ದರೆ ನೀನು ಹೇಳುವವಳಿದ್ದೆ. ಜೂನ್ ಹೋಯಿತು, ಜುಲೈ ಹೋಯಿತು. ಹುಲಗೂರಿಗೆ ಫೋನ್ ಹೋಗುವುದಿಲ್ಲವೇ? ಅವಳು ಕೈ ಹಿಡಿದು ಕೇಳಿದಾಗಲಾದರೂ ನಿನ್ನ ಬಾಯಿ ಯಾರು ಕಟ್ಟಿದ್ದರು? ನಾನಂತೂ ಅಲ್ಲಿರಲಿಲ್ಲ. ನಾನು ಅವಳ ಕೂಲಿ ತೆಗೆದೆ, ನೀನು ಅವಳ ಹೊಲ ತೆಗೆದುಕೊಂಡೆ. ಅವಳ ರೊಟ್ಟಿ ತಿಂದು, ಅವಳ ಮೊಗ್ಗು ಕೊಯ್ದುಕೊಂಡು ಬಸ್ಸು ಹತ್ತಿದೆ. ನೀನು ನಿಮ್ಮ ಅಪ್ಪನಂತೆ ಮೆತ್ತಗೆ ಎಂದು ಇಷ್ಟು ದಿನ ಚಿಂತೆಯಿತ್ತು. ಈಗ ಇಲ್ಲ.

ಚಳಿಗಾಲದ ಕ್ರಾಸಿಂಗಿಗೆ, ಮೊಗ್ಗು ಬಿಡಿಸಲು, ಹೆಂಗಸರನ್ನು ಮರಳಿ ಕರೆಸಿದ್ದೇನೆ, ನಿನ್ನ ಸಲಹೆಯಂತೆ. ಖತೀಜಾಬಿಯೂ ಬಂದಿದ್ದಳು. ಎಲ್ಲರ ಹೆಸರು ಕರೆಸಿ ಅವಳನ್ನು ಕೊನೆಗೆ ನಿಲ್ಲಿಸಿಕೊಂಡೆ. "ನೀ ಈಗ ಹೊಲದ ಒಡತಿ, ಕೂಲಿ ಯಾಕ ನಿನಗ?" ಎಂದೆ. ಹೆಂಗಸರು ನಕ್ಕರು. ಮೊದಲು ನಕ್ಕವಳು ಸರೋಜವ್ವ.

ಅವ್ವ


ಸವಣೂರು
19 ಅಕ್ಟೋಬರ್ 2025

ಶೀಲಾ,

ಪರೀಕ್ಷೆ ಮುಗಿಯಿತೇ? ನಿನಗೆ ಕೆಲಸ ಬಹಳವಿರಬಹುದು. ಆದರೆ ಇಲ್ಲಿ ದಿನ ಹೋಗುವುದು ಕಷ್ಟವಾಗಿದೆ.

ಅಮ್ಮಿ ಹಂಚಿದ ಬೀಜದಿಂದಲೇ ಕೆಟ್ಟೆವು ಎಂದು ಹೆಂಗಸರೆಲ್ಲ ಮನೆಗೆ ಬಂದು ಅಂದು ಹೋದರು. ಸರೋಜವ್ವ ಅಂಗಳದಲ್ಲಿ ನಿಂತು, "ನಿನ್ನ ಕೈ ಮುಟ್ಟಿದ್ದಕ್ಕ ಹೂವ ಉದುರಿದುವು" ಎಂದಳು. ಇಷ್ಟು ವರ್ಷ ಒಂದೇ ಸಾಲಿನಲ್ಲಿ ಕುಳಿತು ಬುತ್ತಿ ಬಿಚ್ಚಿದವಳು. ಅವರು ಹೋದ ಮೇಲೆ ಅಮ್ಮಿ ಅಬ್ಬಾನ ಮೇಲೆ ಹಾಯ್ದರು. ಮರುದಿನ ಅಬ್ಬಾ ಬಂಕಾಪುರದ ತಂಗಿಯ ಮನೆಗೆ ಹೋದರು, ಇನ್ನೂ ಬಂದಿಲ್ಲ. ಹೋಗುವಾಗ ನನಗೆ, "ನಾ ನೀರು ಹೆಚ್ಚು ಬಿಟ್ಟಿಲ್ಲವಾ, ನೀನಾರ ನಂಬು" ಎಂದರು.

ನಿಮ್ಮ ಶಾಸ್ತ್ರವೆಲ್ಲ ನನಗೆ ಬೇಡ. ತಪ್ಪು ಅಬ್ಬಾನದೋ ಅಲ್ಲವೋ, ಒಂದು ಮಾತು ಬರೆ.

ದಿಲ್ಶಾದ


ಹೈದರಾಬಾದ್
8 ನವೆಂಬರ್ 2025

ದಿಲ್ಶಾದ,

ತಪ್ಪು ಅಬ್ಬಾನದಲ್ಲ. ನೀರಿನದೂ ಅಲ್ಲ, ಖಾಲಾನ ಕೈಯದೂ ಅಲ್ಲ. ಬೀಜವೇ ಹಾಗಿತ್ತು. ಆ ಗಿಡದಲ್ಲಿ ಪರಾಗ ಬರುವಂತೆ ಮಾಡುವ ಕಿಣ್ವ ಚಳಿಯಲ್ಲಿ ಮಾತ್ರ ಸರಿಯಾಗಿ ತಯಾರಾಗುತ್ತದೆ, ಉಳಿದ ದಿನಗಳಲ್ಲಿ ಹೂವು ಬಂಜೆ. ಯಾರು ಎಷ್ಟು ಚೆನ್ನಾಗಿ ಬೆಳೆದರೂ ಕಾಯಿ ಹಿಡಿಯುತ್ತಿರಲಿಲ್ಲ.

ಅವ್ವನಿಗೆ ಇದು ಗೊತ್ತಿತ್ತು. ನಾನೇ ಫೆಬ್ರವರಿಯಲ್ಲಿ ಬರೆದು ತಿಳಿಸಿದ್ದೆ, ಸುಡಲು ಹೇಳಿದ್ದೆ. ಅವಳು ನಿಮಗೆ ಕೊಟ್ಟಳು. ಕೊಟ್ಟದ್ದು ನನಗೆ ಜೂನ್‌ನಲ್ಲಿ ತಿಳಿಯಿತು. ನಿಮ್ಮ ಹೊಲಕ್ಕೆ ಬಂದ ದಿನ ನಾನು ಪರೀಕ್ಷೆ ಮಾಡಿ ತಿಳಿಯಬೇಕಾದದ್ದೇನೂ ಇರಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ದಿನವೂ ನಾಳೆ ಹೇಳೋಣ ಎಂದುಕೊಂಡೆ. ನಾಟಿ ಆಯಿತೆಂದು ತಿಳಿದ ಮೇಲೆ, ಇನ್ನು ಹೇಳಿ ಏನು ಉಪಯೋಗ ಎನಿಸಿತು. ಆಮೇಲೆ ಹೊಲ ನೋಡಿದೆ. ಇಷ್ಟು ವರ್ಷದ ನನ್ನ ಕೆಲಸ ಸಾಲುಸಾಲಾಗಿ ನಿಂತಿತ್ತು. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಬಳಿ ಇಲ್ಲ. ಈ ಪತ್ರವನ್ನು ನೀನು ಯಾರಿಗೆ ಬೇಕಾದರೂ ತೋರಿಸಬಹುದು. ಎಲ್ಲಿ ಕರೆದರೂ ಬಂದು ಇದನ್ನೇ ಹೇಳುತ್ತೇನೆ, ಅವ್ವನ ಎದುರೂ.

ಇನ್ನೊಂದು ಮಾತು. ಬರೆಯಬಾರದೆಂದು ಗೊತ್ತಿದೆ, ಆದರೂ ಬರೆಯುತ್ತೇನೆ. ಗಿಡಗಳನ್ನು ಕೀಳಬೇಡಿ. ಡಿಸೆಂಬರಿನ ಚಳಿಗೆ ಅವು ಕಾಯಿ ಹಿಡಿಯುತ್ತವೆ. ನಿಮಗೂ ಸ್ವಲ್ಪ ಕೈಗೆ ಬರುತ್ತದೆ. ಅದೇ ಗಿಡ, ಅದೇ ಮಣ್ಣಿನಲ್ಲಿ, ಚಳಿಗೆ ಜೀನಿನ ಜೋಡಣೆ ಬದಲಿಸುವುದನ್ನು ತೋರಿಸಿದರೆ ನನ್ನ ಕೆಲಸ ಪೂರ್ಣವಾಗುತ್ತದೆ. ಜನವರಿಯವರೆಗೆ ನಿಲ್ಲಲಿ. ಮೊಗ್ಗಿಗೆ ನಾನೇ ಬರುತ್ತೇನೆ.

ಶೀಲಾ


ಹುಲಗೂರು
2 ಡಿಸೆಂಬರ್ 2025

ಶೀಲಾ,

ನಿನ್ನ ಪತ್ರವನ್ನು ಅಮ್ಮಿಗೆ ಓದಿ ಹೇಳಿದೆ. ಕೊನೆಯ ಭಾಗವನ್ನು ಮೊದಲ ಸಲ ಬಿಟ್ಟು ಓದಿದೆ. ನೀನು ಬರೆದದ್ದಕ್ಕೆ ನನಗೆ ನಾಚಿಕೆಯಾಯಿತು.

ಅಮ್ಮಿ ಬೇರೆ ಯಾರದೋ ಮನೆಯ ಸುದ್ದಿ ಕೇಳಿದಂತೆ ಕೇಳಿದರು. ಆಮೇಲೆ, ಅವತ್ತು ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಅವಳಿಗೆ ಇದೆಲ್ಲ ಗೊತ್ತಿತ್ತೇ ಎಂದು ಕೇಳಿದರು. ಗೊತ್ತಿತ್ತು ಎಂದೆ. ಎದ್ದು ಬುರ್ಖಾ ಹಾಕಿಕೊಂಡು ಬಂಕಾಪುರದ ಬಸ್ಸಿಗೆ ಹೋದರು. ಸಂಜೆ ಅಬ್ಬಾನನ್ನು ಕರೆದುಕೊಂಡು ಬಂದರು. ಬಸ್ಸಿನಲ್ಲಿ ಎಲ್ಲರೆದುರು ಅವರ ಕೈ ಹಿಡಿದು ತಪ್ಪಾಯಿತೆಂದರಂತೆ. ಅಬ್ಬಾ ಮನೆಗೆ ಬಂದಿದ್ದಾರೆ. ಆದರೆ ಮಾತಾಡುವುದಿಲ್ಲ. ಹೊಲದ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ. ಅದು ಇನ್ನು ಸರಿಹೋಗುವುದೋ ಇಲ್ಲವೋ ಗೊತ್ತಿಲ್ಲ.

ಮರುದಿನ ಸರೋಜವ್ವನನ್ನೂ ಉಳಿದವರನ್ನೂ ಕರೆಸಿ ಪತ್ರ ಮತ್ತೆ ಓದಿಸಿದರು. ಆಗ ಪೂರ್ತಿ ಓದಿದೆ. ಗಿಡ ಕೀಳಬೇಡಿ ಎಂದು ನೀನು ಬರೆದಲ್ಲಿಗೆ ಬಂದಾಗ ಸರೋಜವ್ವ ತಾನು ಅಂದದ್ದು ತಪ್ಪಾಯಿತೆಂದು ಅಮ್ಮಿಯ ಕಾಲು ಹಿಡಿದಳು. ಅಮ್ಮಿ ಕಾಲು ಹಿಂದಕ್ಕೆ ತೆಗೆದುಕೊಂಡರು. ಎಲ್ಲರೂ ಸೇರಿ ಹೊಲಕ್ಕೆ ಹೋಗಿ ಮಧ್ಯಾಹ್ನದೊಳಗೆ ಒಂದು ಗಿಡ ಉಳಿಯದಂತೆ ಕಿತ್ತು ಹಾಕಿದೆವು. ನಾನೂ ಕಿತ್ತೆ. ಚಳಿ ಆಗಲೇ ಬಿದ್ದಿತ್ತು ಶೀಲಾ. ನೀನು ಹೇಳಿದಂತೆ ತುದಿಯ ಹೂವುಗಳಲ್ಲಿ ಹುಡಿ ಬಂದಿತ್ತು, ಅಲ್ಲಲ್ಲಿ ಸಣ್ಣ ಕಾಯಿ ಕಟ್ಟಿತ್ತು. ಅಮ್ಮಿ ಅದನ್ನು ನೋಡಿಯೇ ಕಿತ್ತರು.

ಹೆಂಗಸರೆಲ್ಲ ನಿಮ್ಮವ್ವನ ಮೇಲೆ ಹಾವೇರಿಯಲ್ಲಿ ದೂರು ಕೊಟ್ಟಿದ್ದಾರೆ. ನಿನ್ನ ಪತ್ರ ವಕೀಲರ ಕೈಯಲ್ಲಿದೆ. ನಿಮ್ಮವ್ವ ಅದು ನಿನ್ನ ಅಕ್ಷರವೇ ಅಲ್ಲ ಎನ್ನುತ್ತಿದ್ದಾರೆ. ತನ್ನ ಮಗಳು ಇಷ್ಟು ದಡ್ಡಿಯಲ್ಲವಂತೆ. ನೀನೇ ಬಂದು ಹೇಳಬೇಕಾಗುತ್ತದೆ. ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ.

ನೀನು ಬಂದರೆ ಎಲ್ಲಿ ಇಳಿಯುತ್ತೀ ಎಂದು ಅಮ್ಮಿಯನ್ನು ಕೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಬರ್ಲಿ. ನಮ್ಮ ಮನ್ಯಾಗ ಉಣ್ಲಿ, ಮಲಗ್ಲಿ, ಇಲ್ಲ ಅನ್ನೂದಿಲ್ಲ. ಹೊಲದಾಗ ಮಾತ್ರ ಆಕಿ ಕಾಲಿಡಬಾರ್ದು."

ದಿಲ್ಶಾದ